ಮಸಿ ಹಿಡಿಯದ ಜಾಗ

ಭಾನುವಾರ ಬೆಳಿಗ್ಗೆ ಹೆಸ್ಟರ್ ಆಲಿಯ ಮನೆಯ ಬಾಗಿಲು ಬಡಿದ ಲೂಸಿಯನ್ ಪೆಲ್ಕಿಯ ಮಸಿ ಹಿಡಿದ ಮುಖದಲ್ಲಿ ಕಣ್ಣುಗುಡ್ಡೆ ಬಿಟ್ಟರೆ ಬಿಳಿ ಎಂಬುದೇ ಇರಲಿಲ್ಲ. ಬೂಟಿಗೆ ಮೆತ್ತಿದ ಹಿಮವನ್ನೂ ಕೊಡವದೆ ಅವನು ಒಳಗೆ ಬಂದ. ಟ್ರಾಟರ್ಸ್ ಹಾರ್ಬರಿನ ಅರ್ಧದಷ್ಟು ಮನೆಗಳ ಎಣ್ಣೆ ಬಾಯ್ಲರುಗಳನ್ನು ರಿಪೇರಿ ಮಾಡಿ ಆ ಮನೆಗಳನ್ನು ಬೆಚ್ಚಗಿಟ್ಟವನು ಅವನೇ.

"ಮಧ್ಯಾಹ್ನ ಪೊಲೀಸ್ ಡೆಪ್ಯುಟಿ ಬರ್ತಾನೆ. ಕಳ್ಳತನ ನನ್ನ ತಲೆಗೆ ಕಟ್ತಾರೆ. ಲೈಸೆನ್ಸೂ ಹೋಗುತ್ತೆ" ಎಂದ.

ಅಡುಗೆಮನೆಯಲ್ಲಿ ಹೊಟ್ಟೆ ನೀವಿಕೊಳ್ಳುತ್ತ ಕುಳಿತಿದ್ದ ಕ್ಯಾಪ್ಟನ್ ಆರಿನ್ ಬೀಲ್ ಕುರ್ಚಿ ಸರಿಸಿಕೊಟ್ಟ. ಫೆರಿ ನಡೆಸುವುದನ್ನು ಬಿಟ್ಟ ಮೇಲೆ ಅವನು ಹೆಸ್ಟರಳ ಮಾಳಿಗೆಯಲ್ಲಿ ಬಾಡಿಗೆಗಿದ್ದ. ವಿಮಾ ಕಂಪನಿಗಾಗಿ ಬೆಂಕಿ ಅನಾಹುತಗಳ ಮೂಲ ಹುಡುಕುವುದೇ ಅವಳು ಬದುಕಿಡೀ ಮಾಡಿದ ಕೆಲಸ. ನಿವೃತ್ತಿಯ ನಂತರವೂ ಊರಿನವರು ಅವಳನ್ನು ಬಿಟ್ಟಿರಲಿಲ್ಲ, ಅವಳು ಹೋದಲ್ಲೆಲ್ಲ ಆರಿನ್ ಜೊತೆಗಿರುತ್ತಿದ್ದ.

ಲೂಸಿಯನ್ ಹೇಳಿದ್ದು ಇಷ್ಟು. ಮಂಗಳವಾರ ಲವೀನಾ ಡೈಯರ್ ಮನೆಯ ಬಾಯ್ಲರಿನಲ್ಲಿ ಎಣ್ಣೆ ಉರಿಸುವ ಹಳೆಯ ಬರ್ನರನ್ನು ಅವನು ಸರಿಮಾಡಿದ್ದ. ಎಣ್ಣೆ ಚಿಮ್ಮಿಸುವ ನಾಝಲ್ ಬದಲಿಸಿ, ಗಾಳಿಯ ಕಿಂಡಿ ಹೊಂದಿಸಿ, ಹೊಗೆಯನ್ನು ಬಿಳಿ ಕಾಗದದ ಮೂಲಕ ಎಳೆದು ಪರೀಕ್ಷಿಸಿದಾಗ ಕಾಗದ ಬಿಳಿಯಾಗಿಯೇ ಉಳಿದಿತ್ತು, ಉರಿ ಮಸಿ ಕಾರುತ್ತಿರಲಿಲ್ಲ. ನಿನ್ನೆ ಸಂಜೆ ಇಡೀ ಊರು ರೈತಸಂಘದ ಸಭಾಭವನವಾದ ಗ್ರೇಂಜ್ ಹಾಲ್‌ನಲ್ಲಿ ಬೀನ್ಸ್ ಊಟಕ್ಕೆ ಕುಳಿತಿದ್ದಾಗ, ಖಾಲಿ ಮನೆಯ ನೆಲಮಾಳಿಗೆಯಲ್ಲಿ ಆ ಬರ್ನರ್ ಸಿಡಿದು ಮನೆಯೆಲ್ಲ ಮಸಿಯಾಯಿತು. ಕರೆ ಬಂದ ಕೂಡಲೇ ಹೋಗಿ ಅವನೊಬ್ಬನೇ ಒಳಗೆ ಕೆಲಸ ಮಾಡಿದ್ದ. ಬೆಳಗಾದಾಗ ಮುಂದಿನ ಕೋಣೆಯ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಮರದ ಬಾತುಕೋಳಿ ಇರಲಿಲ್ಲ. ಲವೀನಾಳ ಗಂಡ ಕೆತ್ತಿದ ಆ ಬಾತನ್ನು ಮರುದಿನ ಸೋಮವಾರ ಮ್ಯೂಸಿಯಮ್ಮಿನವರು ಒಯ್ಯಬೇಕಿತ್ತು.

"ನೀವು ಸರಿಮಾಡುವಾಗ ಹತ್ರ ಯಾರಿದ್ರು?" ಎಂದು ಹೆಸ್ಟರ್ ಕೇಳಿದಳು.

"ಲವೀನಾ ಸೊಸೆ ಕೊರಿನ್ ಟಾರ್ಚ್ ಹಿಡಿದಿದ್ಲು. ಲವೀನಾ ಸೋದರಳಿಯ ಎವರೆಟ್ ಮೆಟ್ಟಿಲ ಮೇಲೆ ನಿಂತು, ನಿಂಗೆ ದೋಣಿ ಎಂಜಿನ್ನೂ ಬರಲ್ಲ ಅಂತ ರೇಗಿಸ್ತಿದ್ದ. ಬರ್ನರ್ ಹೊತ್ತಿಲ್ಲ ಅಂದ್ರೆ ಕೆಂಪು ಗುಂಡಿ ಒಂದೇ ಸಲ ಒತ್ತಿ, ಮತ್ತೆ ಮತ್ತೆ ಒತ್ತಿದ್ರೆ ಎಣ್ಣೆ ಒಳಗೆ ತುಂಬ್ಕೊಳ್ಳುತ್ತೆ ಅಂತ ಇಬ್ರಿಗೂ ಹೇಳಿದ್ದೆ."

ಹೆಸ್ಟರ್ ಕೋಟು ತೊಟ್ಟಳು. "ಕ್ಯಾಪ್ಟನ್, ಬರೋಕಾಗುತ್ತಾ?"

"ನಿನ್ನೆ ತಿಂದ ಬೀನ್ಸ್ ಇನ್ನೂ ದೀಪದೆಣ್ಣೆ ಥರ ತೇಗಾಗಿ ಬರ್ತಿದೆ. ಆದ್ರೂ ಬರ್ತೀನಿ."

ಡೈಯರ್ ಮನೆಯಲ್ಲಿ ಉಸಿರು ಬಾಯಿಂದ ಹೊಗೆಯಾಗಿ ಹೊರಡುತ್ತಿತ್ತು. ಬಾಯ್ಲರ್ ಮುಟ್ಟಕೂಡದೆಂದು ವಿಮಾ ಕಂಪನಿಯವರು ಲೂಸಿಯನ್‌ಗೆ ತಾಕೀತು ಮಾಡಿದ್ದರು. ಕತ್ತಲಾಗುವುದರೊಳಗೆ ಅದು ಹೊತ್ತದಿದ್ದರೆ ಪೈಪುಗಳು ಹೆಪ್ಪುಗಟ್ಟಿ ಒಡೆಯುವುದು ಖಂಡಿತ. ಲವೀನಾ ಕಂಬಳಿ ಹೊದ್ದು ಕುಳಿತಿದ್ದಳು. ಎವರೆಟ್ ಬಾಗಿಲಲ್ಲೇ ಲೂಸಿಯನ್‌ಗೆ ಅಡ್ಡ ನಿಂತ.

"ಮತ್ತೆ ಏನ್ ಎತ್ಕೊಂಡು ಹೋಗೋಕೆ ಬಂದೆ?"

ಹೆಸ್ಟರ್ ಅವನನ್ನು ದಾಟಿ ಮುಂದಿನ ಕೋಣೆಗೆ ಹೋದಳು. ಎಣ್ಣೆ ಉಳಿಸಲು ಚಳಿಗಾಲವಿಡೀ ಮುಚ್ಚಿಡುತ್ತಿದ್ದ ಕೋಣೆ ಅದು. ಮ್ಯೂಸಿಯಮ್ಮಿನವರು ಬರುತ್ತಾರೆಂದು, ಒಳಗೆ ಬೆಚ್ಚಗಾಗಲೆಂದು, ಲವೀನಾ ನಿನ್ನೆ ಊಟಕ್ಕೆ ಹೊರಡುವಾಗ ಅದರ ಬಾಗಿಲು ತೆರೆದಿಟ್ಟಿದ್ದಳು. ಒಳಗೆ ಕಾಲಿಟ್ಟಿರಲಿಲ್ಲ.

ಹೆಸ್ಟರ್ ಹಲಗೆಯ ಮೇಲಿನ ಗಡಿಯಾರವನ್ನು ಎತ್ತಿದಳು. ಅಡಿಯಲ್ಲಿ ಮರ ಹೊಳೆಯುತ್ತಿತ್ತು. ಬಾತು ಇದ್ದ ತುದಿಯಲ್ಲಿ ಬೆರಳೆಳೆದಳು. ಬೆರಳು ಕಪ್ಪಾಯಿತು. ಅಡುಗೆಮನೆಗೆ ಬಂದು ಒಲೆಯ ಮುಂದೆ ನಿಂತಳು. ಹಿಂಬದಿಯಲ್ಲಿ ತಟ್ಟೆಯಗಲದ ಒಂದು ವೃತ್ತ ಮಸಿಯಿಲ್ಲದೆ ಬಿಳಿಯಾಗಿತ್ತು. ಕೆಟಲ್ ಇದ್ದದ್ದು ಇನ್ನೊಂದು ಕಡೆ.

ನೆಲಮಾಳಿಗೆಯಲ್ಲಿ ಲೂಸಿಯನ್ ಟಾರ್ಚ್ ಹಿಡಿದ. ಬಾಯ್ಲರಿನ ಒಳಗಿನ ಇಟ್ಟಿಗೆಗಳು ಎಣ್ಣೆ ಕುಡಿದು ತೊಯ್ದಿದ್ದವು. ಕಿಡಿ ಹುಟ್ಟಿಸುವ ಟ್ರಾನ್ಸ್‌ಫಾರ್ಮರನ್ನು ಬರ್ನರಿಗೆ ಬಿಗಿದ ಸ್ಕ್ರೂಗಳ ತಲೆಯ ಮೇಲೆ ಕೆಂಪು ಉಗುರುಬಣ್ಣ ಬಿರುಕು ಬಿಟ್ಟಿತ್ತು.

"ನನ್ನ ಹೆಂಡತೀದು" ಎಂದು ಲೂಸಿಯನ್ ಸಂಕೋಚಪಟ್ಟ. "ಕೆಲಸ ಮುಗಿದ್ಮೇಲೆ ಸ್ಕ್ರೂ ಮೇಲೆ ಒಂದು ತೊಟ್ಟು ಹಚ್ತೀನಿ. ಯಾರಾದ್ರೂ ತಿರುಗಿಸಿದ್ರೆ ಗೊತ್ತಾಗ್ಲಿ ಅಂತ."

ಡೆಪ್ಯುಟಿ ಬಂದಾಗ ಹೆಸ್ಟರ್ ಎಲ್ಲರನ್ನೂ ಅಡುಗೆಮನೆಗೆ ಕರೆದಳು. ಊಟದ ನಡುವೆ ಸಭಾಭವನದಿಂದ ಎದ್ದು ಹೋದವರು ಯಾರು ಎಂದು ಮೊದಲು ಕೇಳಿದಳು. ದೋಣಿಯ ಹಗ್ಗ ನೋಡಲು ಹೋಗಿದ್ದೆ, ಕಂಡವರು ಯಾರೂ ಇಲ್ಲ ಎಂದು ಎವರೆಟ್ ಒಪ್ಪಿಕೊಂಡ. ಡೆಪ್ಯುಟಿ ಅವನತ್ತ ತಿರುಗಿದ.

"ನಾನೂ ಬಂದಿದ್ದೆ, ಎರಡನೇ ಬೀನ್ಸ್ ಮಡಕೆ ತಗೊಂಡ್ಹೋಗೋಕೆ" ಎಂದಳು ಕೊರಿನ್. "ಆಗ ಮನೆ ಚೆನ್ನಾಗೇ ಇತ್ತು. ತೆರೆದ ಬಾಗಿಲಲ್ಲಿ ಬಾತೂ ಕಾಣ್ತಿತ್ತು."

"ಮಡಕೆ ಎಲ್ಲಿತ್ತು?"

"ಒಲೆ ಹಿಂದೆ."

ಹೆಸ್ಟರ್ ಮಾತು ಶುರುಮಾಡಿದಳು.

"ಮಸಿ ಎಲ್ಲದರ ಮೇಲೂ ಕೂರುತ್ತೆ, ಮುಚ್ಚಿರೋ ಜಾಗ ಮಾತ್ರ ಬಿಡುತ್ತೆ. ಬಾತು ಇದ್ದ ಜಾಗ ಪೂರ್ತಿ ಕಪ್ಪಾಗಿದೆ. ಅಂದ್ರೆ ಬರ್ನರ್ ಸಿಡಿಯೋ ಮೊದಲೇ ಬಾತು ಹೋಗಿತ್ತು. ಲೂಸಿಯನ್ ನಿನ್ನೆ ಬಂದಿದ್ದು ಆಮೇಲೆ, ಮಂಗಳವಾರ ಇಬ್ರು ಅವನ ಪಕ್ಕದಲ್ಲೇ ಇದ್ರು. ಅವನು ಕಳ್ಳನಲ್ಲ." ಲೂಸಿಯನ್ ಗೋಡೆಗೆ ಒರಗಿದ. "ಬರ್ನರ್ ಕೆಡಿಸಿದ್ದೂ ಅವನಲ್ಲ. ಅವನು ಹಚ್ಚಿದ ಬಣ್ಣ ಬಿರಿದಿದೆ. ಯಾರೋ ಸ್ಕ್ರೂ ಬಿಚ್ಚಿ ಟ್ರಾನ್ಸ್‌ಫಾರ್ಮರ್ ಎತ್ತಿದ್ರು. ಕಿಡಿ ಇಲ್ಲದೆ ಕೆಂಪು ಗುಂಡಿ ಮತ್ತೆ ಮತ್ತೆ ಒತ್ತಿ ಒಳಗೆ ಎಣ್ಣೆ ತುಂಬಿಸಿದ್ರು. ಮೇಲಿರೋ ಬಾಯ್ಲರ್ ಸ್ವಿಚ್ ಆಫ್ ಮಾಡಿ, ಟ್ರಾನ್ಸ್‌ಫಾರ್ಮರ್ ವಾಪಸ್ ಕೂರಿಸಿ, ಈ ಅಡುಗೆಮನೆಗೆ ಬಂದು ಅದೇ ಸ್ವಿಚ್ ಹಾಕಿದ್ರು. ಕಿಡಿ ತಾಗಿದ್ದೇ ತಡ, ಎಲ್ಲಾ ಸಿಡೀತು."

"ಅದು ಎವರೆಟ್‌ಗೂ ಬರುತ್ತೆ" ಎಂದ ಡೆಪ್ಯುಟಿ.

"ಬರುತ್ತೆ. ಆದ್ರೆ ಈ ವೃತ್ತ ನೋಡಿ. ಮಡಕೆಯನ್ನ ಮೊದಲೇ ಎತ್ತಿದ್ರೆ ಇಲ್ಲಿ ಮಸಿ ಕೂರ್ಬೇಕಿತ್ತು. ಸಿಡಿದಾಗ ಮಡಕೆ ಇಲ್ಲೇ ಇತ್ತು, ಆಮೇಲೆ ಹೋಗಿದೆ. ಕ್ಯಾಪ್ಟನ್, ಆ ಮಡಕೆ ಹೇಗಿತ್ತು?"

ಆರಿನ್‌ನ ನೆನಪಿಗೆ ನಿನ್ನೆ ರಾತ್ರಿಯ ಊಟದ ಮೇಜು ಬಂತು. ಬೇರೆ ಮಡಕೆಗಳಿಗೆಲ್ಲ ಉಕ್ಕಿದ ಬೀನ್ಸಿನ ಕಾಕಂಬಿ ಪಾಕ ಅಂಟಿತ್ತು. ಇದೊಂದು ತಿಕ್ಕಿ ತೊಳೆದಂತೆ ಹೊಳೆಯುತ್ತಿತ್ತು. "ಒದ್ದೆ ಇತ್ತು. ಹಿಮದಲ್ಲಿ ಉಜ್ಜಿದ ಹಾಗೆ" ಎಂದ. "ಬೀನ್ಸ್ ಎಣ್ಣೆ ಹೊಗೆ ವಾಸನೆ ಹೊಡೀತಿತ್ತು. ಅಡುಗೆಯೋರ ತಪ್ಪು ಅಂದ್ಕೊಂಡಿದ್ದೆ."

ಕೊರಿನ್ ಕುಳಿತುಬಿಟ್ಟಳು. ನೆಲಮಾಳಿಗೆಯಲ್ಲಿ ಒಂದಿಷ್ಟು ಹೊಗೆಯಾಗಬಹುದು ಅಂದುಕೊಂಡಿದ್ದಳಂತೆ. ಮಡಕೆಗೆ ಕೈ ಹಾಕುವಷ್ಟರಲ್ಲೇ ಮನೆ ಕಪ್ಪಾಗಿತ್ತು. ಮಡಕೆ ತರುತ್ತೇನೆಂದು ಹೇಳಿ ಬಂದವಳು ಬರಿಗೈಯಲ್ಲಿ ಮರಳುವಂತಿರಲಿಲ್ಲ. ಕ್ರಿಸ್‌ಮಸ್ಸಿಗೆ ಮುಂಚೆಯೇ ಬಾತನ್ನು ಹಳೆ ಸಾಮಾನಿನ ವ್ಯಾಪಾರಿಗೆ ಮಾರಿದ್ದಳು. ಮುಚ್ಚಿದ ಕೋಣೆಗೆ ವಸಂತದವರೆಗೆ ಯಾರೂ ಹೋಗುವುದಿಲ್ಲವೆಂದು ನೆಚ್ಚಿಕೊಂಡಿದ್ದಳು. ಅಷ್ಟರಲ್ಲಿ ಮ್ಯೂಸಿಯಮ್ಮಿನಿಂದ ಫೋನು ಬಂತು. ರಿಪೇರಿಗೆ ಬಂದವನೇ ಬಾತು ಕದ್ದನೆಂದು ಎಲ್ಲರೂ ನಂಬಲಿ ಎಂದು ಬರ್ನರ್ ಸಿಡಿಸಿದ್ದಳು.

"ಬಾತು ಹೋಯ್ತು ಬಿಡು" ಎಂದಳು ಲವೀನಾ, ಸೊಸೆಯನ್ನೇ ನೋಡುತ್ತ. "ಬೆಳಿಗ್ಗೆಯಿಂದ ಇವನನ್ನ ಕಳ್ಳ ಅಂತಿದ್ವಲ್ಲ. ನೀನು ಕೇಳಿಸ್ಕೊಂಡು ಸುಮ್ನೆ ಕೂತಿದ್ದೆ."

ಡೆಪ್ಯುಟಿ ಕೊರಿನ್‌ಗೆ ಅವಳ ಕೋಟು ತಂದುಕೊಟ್ಟ.

ಹೆಸ್ಟರ್ ಕಂಪನಿಗೆ ಫೋನು ಮಾಡಿದಳು. ಅಪ್ಪಣೆ ಸಿಕ್ಕ ಮೇಲೆ ಲೂಸಿಯನ್ ಕೆಳಗಿಳಿದ. ಎಣ್ಣೆ ಹೀರಿ ತೆಗೆದು, ಮಸಿ ಕೆರೆದು, ಕಿಡಿ ನೋಡಿ, ಗಾಳಿ ಹೊಂದಿಸುವಷ್ಟರಲ್ಲಿ ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು. ಯಾರೂ ಮನೆಗೆ ಹೋಗಲಿಲ್ಲ. ಕೊನೆಗೆ ಕಾಲಡಿ ಬರ್ನರಿನ ಒಂದೇ ಸಮನೆ ಮೊರೆತ ಕೇಳಿತು, ಪೈಪುಗಳು ಟಕ್ಕೆನ್ನತೊಡಗಿದವು.

ಅವನು ಮೇಲೆ ಬಂದು ಹೊಗೆ ಪರೀಕ್ಷೆಯ ಕಾಗದವನ್ನು ಎವರೆಟ್‌ನ ಮುಂದೆ ಚಾಚಿದ. ಅದು ಬಿಳಿಯಾಗಿತ್ತು. ಎವರೆಟ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬೆರಳಿನ ಮಸಿ ತಾಗದಂತೆ, ಅದನ್ನು ಅಂಚಿನಲ್ಲಿ ಹಿಡಿದುಕೊಂಡ.