ಅಡ್ಡ ಹಾಕಿದ ಕೈ

ನಾನು ಬೈರಾಪಟ್ಟಣದಿಂದ ಬಿಡದಿಗೆ ಫ್ಯಾಕ್ಟರಿ ಬಸ್ ಓಡಿಸುತ್ತಿದ್ದೆ. ಬರುಬರುತ್ತಾ ಎಡಬದಿಯ ಜನ ಕಾಣದಾದರು. ಕಣ್ಣಿನ ನರ ಸಾಯಿಸುವ ಗ್ಲಕೋಮಾ ಇರಬಹುದು ಎಂದರು ಡಾಕ್ಟರು. ದೃಷ್ಟಿ ಪರೀಕ್ಷೆಯಲ್ಲಿ ನಪಾಸಾದರೆ ಕೆಲಸ ಹೋಗುತ್ತಿತ್ತು.

ಪರೀಕ್ಷೆ ಮಾಡುವ ಹುಡುಗಿ ಭಾನುಪ್ರಿಯ ನನ್ನ ಬಲಗಣ್ಣಿಗೆ ಪಟ್ಟಿ ಹಾಕಿ, ಯಂತ್ರದ ಬಿಳಿ ಬೋಗುಣಿಯೊಳಗೆ ನೋಡಿಸಿದಳು. "ನಡುವಿನ ಚುಕ್ಕೀನೇ ನೋಡ್ತಿರಿ ಅಣ್ಣ. ಪಕ್ಕದಲ್ಲಿ ಬೆಳಕು ಮಿನುಗಿದ್ರೆ ಬಟನ್ ಒತ್ತಿ."

ಎಡಮೂಲೆಯಲ್ಲಿ ಬೆಳಕು ಕಾಣಲಿಲ್ಲ. ಬಳೆ ಘಲ್ಲೆಂದಿತು. ಒದ್ದೆ ಕೈಯೊಂದು, ಬಸ್ಸಿಗೆ ಅಡ್ಡ ಹಾಕುವಂತೆ, ಮೇಲೆದ್ದಿತು. ಒತ್ತಿದೆ.

"ಸುಮ್‌ಸುಮ್ನೆ ಯಾಕೆ ಒತ್ತುತ್ತೀರಾ? ಅಲ್ಲಿ ನಿಮಗೆ ದೃಷ್ಟೀನೇ ಇಲ್ಲ."

"ಯಾರೋ ಕೈ ಅಡ್ಡ ಹಾಕ್ತಾವ್ಳೆ ಕಣಮ್ಮ, ನಿಲ್ಲಿಸ್‌ಬ್ಯಾಡ್ವಾ?"

ಅವಳು ನಕ್ಕು, "ಈಗ ಕಾಣುತ್ತಾ ನೋಡೋಣ" ಎಂದು ಎರಡೂ ಕಣ್ಣಿಗೆ ಪಟ್ಟಿ ಹಾಕಿದಳು. ಬಳೆ ಕಿವಿಯ ಪಕ್ಕದಲ್ಲೇ ಘಲ್ಲೆಂದಿತು. ಅವಳ ನಗು ನಿಂತಿತು.

"ಅಣ್ಣ, ನನ್ನ ಕೈಲಿ ಬಳೆ ಇಲ್ಲ."

ಮಳೆಯಲ್ಲಿ ಕೈ ಅಡ್ಡ ಹಾಕಿದವಳ ಮೇಲೆ ಕಾಣದೆ ಬಸ್ ಹತ್ತಿಸಿದ್ದೆನೋ ಏನೋ ಎಂದು ಹೆದರಿ, ಅವತ್ತೇ ಬಸ್ಸಿನ ಕೀ ಒಪ್ಪಿಸಿದೆ. ಕೆಲಸ ಹೋಯಿತು. ಆಮೇಲೆ ಎಡಗಣ್ಣು ಪೂರ್ತಿ ಕತ್ತಲಾಯಿತು. ಅದರಲ್ಲಿ ಆ ಕೈಯೊಂದು ಮಾತ್ರ ಕಾಣುತ್ತದೆ.