ನಡುಮನೆಯ ಒದ್ದೆ ಗೋಡೆ

"ಆ ಗ್ವಾಡಿ ಮುಟ್ಟಬ್ಯಾಡ!"

ಶಿವಬಸಮ್ಮ ಗೋಡೆಗೆ ಊರಿದ ಕೈ ತಟ್ಟನೆ ತೆಗೆದಳು. ಯಾರೋ ರಟ್ಟೆ ಹಿಡಿದು ಹಿಂದಕ್ಕೆ ಎಳೆದಿದ್ದರು. ತಿರುಗಿ ನೋಡಿದರೆ... ಗಂಡ!

ಮದುವೆಯಾಗಿ ಹನ್ನೊಂದು ದಿನ. ತಾಳಿ ಕಟ್ಟುವಾಗ ಕೊರಳಿಗೆ ತಗಲಿದ ಬೆರಳು ಬಿಟ್ಟರೆ ಬಸವಂತರಾಯ ಅವಳನ್ನು ಮುಟ್ಟಿರಲಿಲ್ಲ. ಒಂದು ಮಾತೂ ಆಡಿರಲಿಲ್ಲ. ಪ್ರಸ್ತದ ದಿನ ಗೊತ್ತಾಗುವ ತನಕ ಗಂಡ ಹೆಂಡತಿ ಮಾತಾಡಬಾರದು ಅನ್ನುವುದು ಆ ಮನೆಯ ರಿವಾಜು. ಅವನ ಹಾಸಿಗೆ ಪಡಸಾಲೆಯಲ್ಲಿ. ಇವಳದು ನಡುಮನೆಯಲ್ಲಿ, ಅತ್ತೆ ಸಂಗಮ್ಮನ ಪಕ್ಕ, ಇದೇ ಗೋಡೆಯ ಬುಡಕ್ಕೆ.

ಹನ್ನೊಂದು ದಿನ ಕಾದ ಮೇಲೆ ಗಂಡನ ಬಾಯಿಂದ ಬಂದ ಮೊದಲ ಮಾತು ಇದು! ಅದೂ ಬೈದ ಹಾಗೆ.

ಅವನ ಮುಖವೂ ಬಿಳಿಚಿಕೊಂಡಿತ್ತು. ಏನೋ ಹೇಳಲು ಬಾಯಿ ತೆರೆದ. ಅಡುಗೆಮನೆಯಲ್ಲಿ ಅವ್ವನ ಕೆಮ್ಮು ಕೇಳಿದ್ದೇ ತಡ, ರುಮಾಲು ಸರಿಮಾಡಿಕೊಂಡು ಕಚೇರಿಗೆ ನಡೆದುಬಿಟ್ಟ. ತಹಸೀಲ ಕಚೇರಿಯಲ್ಲಿ ಉರ್ದು ಕಾಗದ ಬರೆಯುವ ಕಾರಕೂನ ಅವನು. ನಿಜಾಮರ ಸಾಹೇಬರ ಎದುರು ನಿಂತು ಗಟ್ಟಿಯಾಗಿ ಮಾತಾಡುತ್ತಾನಂತೆ, ಅವ್ವನ ಎದುರು ಮಾತ್ರ ಬೆಕ್ಕಿನ ಮರಿ. ಇಂಥವರನ್ನು ನೀವೂ ಕಂಡಿರುತ್ತೀರಿ ಬಿಡಿ.

ಶಿವಬಸಮ್ಮ ಅಂಗೈ ನೋಡಿಕೊಂಡಳು. ಒದ್ದೆ! ಗೋಡೆಯ ಮೇಲೆ ಅವಳ ಐದು ಬೆರಳೂ ಹಸಿ ಮಣ್ಣಿನಲ್ಲಿ ಇಳಿದ ಗುರುತಿತ್ತು.

ಇದು ವೈಶಾಖ. ಲಿಂಗಸುಗೂರಿನ ಬಿಸಿಲಿಗೆ ಕಾಗೆ ಕೂಡ ಬಾಯಿ ತೆರೆದು ಕೂರುವ ಕಾಲ. ಹನಿ ಮಳೆಯಿಲ್ಲ, ಮೋಡದ ಸುಳಿವಿಲ್ಲ. ಅಂಥದ್ದರಲ್ಲಿ ನಡುಮನೆಯ ಗೋಡೆ ಎದೆಮಟ್ಟ ನೆನೆದು ನಿಂತಿದೆ ಅಂದರೆ ಯಾರಿಗೆ ತಾನೇ ಭಯವಾಗುವುದಿಲ್ಲ?

ಅತ್ತೆಗೆ ಅದು ಕಂಡದ್ದು ಸ್ವಲ್ಪ ಹೊತ್ತಿಗೆ. ಸಂಗಮ್ಮ ಕೆಟ್ಟವಳಲ್ಲ, ಅಂಜುಬುರುಕಿ. ಗಂಡನನ್ನು ಕಳೆದುಕೊಂಡು ಒಬ್ಬನೇ ಮಗನನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದವಳು. ಅಂಜಿದವರ ಮಾತೇ ಹೆಚ್ಚು ಚುಚ್ಚುತ್ತದೆ ನೋಡಿ. ಮೂವತ್ತು ವರ್ಷ ಒಣಗಿ ನಿಂತ ಗೋಡೆ ಸೊಸೆ ಹೊಸಲು ದಾಟಿದ ಮೇಲೆ ಅಳತೊಡಗಿದೆ ಅಂದಳು. ಗೋಡೆ ಅತ್ತರೆ ಆ ಮನೆಯ ಗಂಡಸು ಉಳಿಯುವುದಿಲ್ಲ ಅಂತ ಹಿಂದಿನವರು ಹೇಳುತ್ತಿದ್ದರಂತೆ.

"ಇಕೀ ಕಾಲ್ಗುಣ ಸರಿಯಿಲ್ಲ," ಎಂದು ಮಧ್ಯಾಹ್ನ ಊಟಕ್ಕೆ ಬಂದ ಮಗನ ಮುಂದೆಯೂ ಹೇಳಿದಳು. ಸೊಸೆಯನ್ನು ಮಸ್ಕಿಗೆ, ಅವಳ ತವರಿಗೆ ಕಳಿಸಿಬಿಡೋಣ, ಮತ್ತೆ ಕರೆಸುವ ಮಾತು ಆಮೇಲೆ ನೋಡಿದರಾಯಿತು ಎಂದಳು.

ಬಾಗಿಲ ಹಿಂದೆ ನಿಂತ ಶಿವಬಸಮ್ಮ ಕಿವಿಗೊಟ್ಟಳು. 'ಇವರು ಬ್ಯಾಡ ಅಂತಾರ... ಬೆಳಿಗ್ಗೆ ನನ್ನ ಕೈ ಹಿಡಿದ್ರಲ್ಲ, ಈಗ ಬಿಡಂಗಿಲ್ಲ...'

"ಇವತ್ತ ಕಳಸೂಣು," ಎಂದ ಬಸವಂತರಾಯ. "ದುರುಗಪ್ಪಗ ಬಂಡಿ ಹೂಡಾಕ ಹೇಳೇನಿ. ನೀನೂ ಜೋಡಿ ಹೋಗು ಅವ್ವ, ನಾಕು ದಿನ ಇದ್ದು ಬಾ."

ಬಂಡಿಗೆ ಆಗಲೇ ಹೇಳಿಯೂ ಆಗಿದೆ!

ಶಿವಬಸಮ್ಮ ಅಂಗೈ ಬಿಡಿಸಿ ನೋಡಿದಳು. ಮದುವೆಯ ಮದರಂಗಿ ಇನ್ನೂ ಅಂಗೈ ಬಿಟ್ಟಿಲ್ಲ. ಅತ್ತೆಯೇ ಜೊತೆಗೆ ಬಂದು ಅಪ್ಪನ ಅಂಗಳದಲ್ಲಿ ಇಳಿಸಿ ಹೋದರೆ, ಅದು ತವರಿಗೆ ಹೋದದ್ದಲ್ಲ, ವಾಪಸು ಕೊಟ್ಟದ್ದು. ಮಸ್ಕಿಯ ಬಾವಿಕಟ್ಟೆಯಲ್ಲಿ ಹೆಂಗಸರು ಏನನ್ನಬಹುದು? ಅಪಶಕುನದ ಹೆಣ್ಣು ಅನ್ನುವ ಹೆಸರು ಒಮ್ಮೆ ಅಂಟಿದರೆ ಸುಟ್ಟರೂ ಹೋಗುವುದಿಲ್ಲ.

ಅವಳು ಟ್ರಂಕಿಗೆ ಸೀರೆ ತುಂಬುತ್ತ ಅತ್ತಳು. ಅತ್ತು ಅತ್ತು ಕಣ್ಣೀರು ಮುಗಿದಾಗ ಸಿಟ್ಟು ಬಂತು.

'ನೀರು ಸುಮ್ಮಸುಮ್ಮನ ಬರಂಗಿಲ್ಲ. ಎಲ್ಲಿಂದರೆ ಬರಾಕ ಬೇಕು!'

ತೋಟದ ಮನೆಯಲ್ಲಿ ಹುಟ್ಟಿದವಳು ಅವಳು. ಕಾಲುವೆಯ ನೀರು ದಾರಿಯಲ್ಲೇ ಮಾಯವಾದರೆ ಅಪ್ಪ ನೀರಿನ ಮೇಲೆ ಹೊಟ್ಟು ಚೆಲ್ಲುತ್ತಿದ್ದ. ಹೊಟ್ಟು ಎಲ್ಲಿ ಹೋಗಿ ಹೊರಬೀಳುತ್ತದೋ ಅಲ್ಲಿಗೆ ಬಿಲ ಇದೆ ಅಂತ ಅರ್ಥ. ಅವಳು ಹಿತ್ತಲಿಗೆ ಬಂದಳು. ಆ ಒದ್ದೆ ಗೋಡೆಯ ಬೆನ್ನಿಗೇ ಬಾವಿ, ಬಾವಿಯ ಪಕ್ಕ ಕಲ್ಲಿನ ದೋಣಿ. ದಿನಾ ಬೆಳಿಗ್ಗೆ ದೋಣಿ ತುಂಬಿಸುವುದು, ಅಲ್ಲಿಂದ ಮನೆ ಸುತ್ತಿಕೊಂಡು ಬಚ್ಚಲಿಗೆ ನೀರು ಹೊರುವುದು ಅವಳದೇ ಕೆಲಸ. ತುಂಬಿದ ದೋಣಿ ಸಂಜೆಗೆ ಅರ್ಧಕ್ಕೆ ಇಳಿಯುತ್ತಿತ್ತು. ಕೇಳಿದರೆ ಎಮ್ಮೆ ಕುಡಿದಿದೆ ಅನ್ನುತ್ತಿದ್ದರು. ಆ ಎಮ್ಮೆ ಅಷ್ಟು ಕುಡಿದಿದ್ದರೆ ಇಷ್ಟೊತ್ತಿಗೆ ಹೊಟ್ಟೆ ಒಡೆಯಬೇಕಿತ್ತು!

ಹೊಟ್ಟು ಗೋಡೆಯೊಳಗಿಂದ ಬರುವುದಿಲ್ಲ. ಬಣ್ಣ ಬಂದೀತು. ತವರವರು ಉಡಿ ತುಂಬುವಾಗ ಕೊಟ್ಟ ಅರಿಷಿಣಪುಡಿಯ ಗಂಟು ಬಿಚ್ಚಿ ಅಷ್ಟನ್ನೂ ದೋಣಿಗೆ ಸುರಿದು ಕೈಯಾಡಿಸಿದಳು. ಗೋಡೆಯಲ್ಲಿ ಹಳದಿ ಕಂಡರೆ ಸಾಕು, ಇದು ಬಾವಿಯ ನೀರು, ನನ್ನ ಕಾಲ್ಗುಣವಲ್ಲ ಎಂದು ಅತ್ತೆಯ ಕೈ ಹಿಡಿದು ತೋರಿಸಬಹುದು!

ಬಿಸಿಲು ಇಳಿಯುವ ಹೊತ್ತಿಗೆ ದುರುಗಪ್ಪನ ಬಂಡಿ ಬಾಗಿಲಿಗೆ ಬಂತು. ಟ್ರಂಕು ಏರಿಸಿಯೂ ಆಯಿತು. ಹೊಸ ಸೊಸೆ ಹೊರಟಳಂತೆ ಎಂದು ಪಕ್ಕದ ಮನೆಯ ಜಮೀಲಾಬೀ ಓಡಿ ಬಂದವಳು ನಡುಮನೆಗೆ ಕಾಲಿಟ್ಟು ಕಿರುಚಿದಳು.

"ಯಾ ಅಲ್ಲಾ! ಗ್ವಾಡಿ ರಕ್ತ ಕಾರಾಕತ್ತೈತಿ!"

ಶಿವಬಸಮ್ಮ ಓಡಿ ಬಂದಳು. ಗೋಡೆಯ ಬುಡದಲ್ಲಿ ಹಳದಿಯಲ್ಲ, ಕೆಂಪು! ಕಡುಗೆಂಪು ಹನಿಗಳು ಒಂದರ ಹಿಂದೆ ಒಂದು ಜಿನುಗಿ, ಸೆಗಣಿ ಸಾರಿಸಿದ ನೆಲದ ಮೇಲೆ ಹರಿಯುತ್ತಿದ್ದವು.

ಸಂಗಮ್ಮ ಅಲ್ಲೇ ಕುಸಿದು ಕೂತು, ನನ್ನ ಮಗನನ್ನು ಉಳಿಸು ಶಿವನೇ ಎಂದು ಗೋಡೆಗೇ ಕೈಮುಗಿದಳು. ಓಣಿಯ ಜನ ಅಂಗಳದಲ್ಲಿ ತುಂಬಿತು. ಯಾರೋ ಸೊಸೆಯನ್ನು ಬೆರಳು ಮಾಡಿ ತೋರಿಸಿದರು.

'ನಾ ಹಾಕಿದ್ದು ಅರಿಷಿಣ... ಕೆಂಪು ಎಲ್ಲಿಂದ ಬಂತು? ಖರೇನ ನನ್ನ ಕಾಲ್ಗುಣನಾ?' ಒಂದು ಗಳಿಗೆ ಅವಳಿಗೇ ತನ್ನ ಮೇಲೆ ಹೇಸಿಕೆಯಾಯಿತು.

ಆಮೇಲೆ ತಲೆಗೆ ಹೊಳೆಯಿತು. ಅರಿಷಿಣ ಕೆಂಪಾಗುವುದು ಯಾವಾಗ? ಸುಣ್ಣ ತಾಕಿದಾಗ! ಆರತಿ ನೀರು ಕದಡಿದ ಯಾವ ಹೆಣ್ಣಿಗೆ ಅದು ಗೊತ್ತಿಲ್ಲ? ಆದರೆ ಇದು ಬರೀ ಮಣ್ಣಿನ ಗೋಡೆ. ಮದುವೆಗೆ ಸುಣ್ಣ ಬಳಿದದ್ದು ಮುಂಬಾಗಿಲ ಗೋಡೆಗೆ ಮಾತ್ರ.

"ಅತ್ತಿ, ಇದು ರಕ್ತ ಅಲ್ಲ," ಎಂದಳು. "ದೋಣ್ಯಾಗ ನಾ ಅರಿಷಿಣ ಕಲಸೀನಿ. ಈ ಗ್ವಾಡಿ ಒಳಗ ಸುಣ್ಣ ಐತಿ. ಹೊಸಾ ಸುಣ್ಣ. ಯಾರೋ ಇಟ್ಟಾರ."

ಹಾಗೆನ್ನುತ್ತ ತಲೆ ಎತ್ತಿದವಳ ಕಣ್ಣಿಗೆ ಬಿದ್ದದ್ದು ಬಾಗಿಲಲ್ಲಿ ನಿಂತ ಗಂಡ. ಅವನ ಮುಖ ನೋಡಿದ್ದೇ ಅವಳಿಗೆ ಉತ್ತರ ಸಿಕ್ಕಿಬಿಟ್ಟಿತು. ಇವರಿಗೆ ಗೊತ್ತಿದೆ! ಮೊದಲಿನಿಂದಲೂ ಗೊತ್ತಿದೆ!

ಕೇಳುವಷ್ಟು ಪುರುಸೊತ್ತು ಸಿಗಲಿಲ್ಲ. ಗೋಡೆಯೊಳಗೆ ಏನೋ ಜಾರಿದ ಸದ್ದು. ಒಂದು ಮಣ್ಣಿನ ಹೆಂಟೆ ಕಳಚಿ ಸಂಗಮ್ಮನ ಮುಂದೆಯೇ ಬಿತ್ತು. ಶಿವಬಸಮ್ಮ ಹಿಂದುಮುಂದು ನೋಡದೆ ಅತ್ತೆಯ ಕಂಕುಳಿಗೆ ಕೈಹಾಕಿ ಎಳೆದಳು, ಬಸವಂತರಾಯ ಹಾರಿ ಬಂದು ಇಬ್ಬರನ್ನೂ ಅಪ್ಪಿ ಪಡಸಾಲೆಗೆ ತಳ್ಳಿದ. ಹಿಂದೆಯೇ ಗೋಡೆಯ ಅರ್ಧಭಾಗ ಧೊಪ್ಪನೆ ಕುಸಿಯಿತು. ಅತ್ತೆ ಸೊಸೆ ಚಾಪೆ ಹಾಸುವ ಜಾಗ ಮಣ್ಣಿನಡಿ ಮುಚ್ಚಿಹೋಯಿತು.

ಧೂಳು ಇಳಿದಾಗ ಎಲ್ಲರೂ ಬಗ್ಗಿ ನೋಡಿದರು. ಉಳಿದ ಗೋಡೆಯ ನಡುವೆ ಸಾಲಾಗಿ ಮಣ್ಣಿನ ಕೊಳವೆಗಳು, ಕುಂಬಾರ ಮಾಡಿದ ಹೊಸ ಕೊಳವೆಗಳು! ಒಂದರ ಬಾಯಿಗೆ ಇನ್ನೊಂದು ಕೂಡುವಲ್ಲಿ ಸುಣ್ಣದ ಗಚ್ಚು ಮೆತ್ತಿತ್ತು. ಅದು ಒಣಗೇ ಇರಲಿಲ್ಲ. ಬೆಣ್ಣೆಯ ಹಾಗೆ ಮೆತ್ತಗಾಗಿ, ಬಾಯಿ ಬಿಟ್ಟು ಕೆಂಪು ನೀರು ಸುರಿಸುತ್ತಿತ್ತು.

"ಇದನ್ಯಾರು ಇಟ್ರು?" ಎಂದಳು ಸಂಗಮ್ಮ, ಕೇಳಿಸದಷ್ಟು ಮೆಲ್ಲಗೆ.

"ನಾನು, ಅವ್ವ."

ಅಂಗಳದ ತುಂಬ ಜನ. ಅಷ್ಟೂ ಜನರೆದುರು ಅವನು ಹೇಳತೊಡಗಿದ. ಮಸ್ಕಿಗೆ ಹೆಣ್ಣು ನೋಡಲು ಹೋದ ದಿನ ಕಾಲಿಗೆ ನೀರು ಕೊಟ್ಟ ಹುಡುಗಿಯ ಅಂಗೈಯಲ್ಲಿ ಬಾವಿಯ ಹಗ್ಗ ಎಳೆದ ಬೊಬ್ಬೆಗಳಿದ್ದವಂತೆ. ಅದು ಅವನ ಕಣ್ಣಿನಿಂದ ಹೋಗಲೇ ಇಲ್ಲವಂತೆ. ದೋಣಿಯ ನೀರು ತಾನೇ ಹರಿದು ಬಚ್ಚಲಿಗೆ ಬಂದರೆ ಅವಳಿಗೆ ಹೊರುವ ಕೆಲಸವಾದರೂ ತಪ್ಪೀತು ಅಂತ, ಅವ್ವ ಲಗ್ನಕ್ಕೆ ಕರೆಯಲು ಊರೂರು ತಿರುಗುವಾಗ ಗೌಂಡಿ ನಬೀಸಾಬನನ್ನು ಕರೆಸಿ ಗೋಡೆ ಕೊರೆಸಿ, ಮತ್ತೆ ಮಣ್ಣು ಮೆತ್ತಿಸಿದ್ದ. ಈ ಗಚ್ಚು ಒಣಗಲು ಇಪ್ಪತ್ತೊಂದು ದಿನ ಬೇಕು, ಅಲ್ಲಿತನಕ ನೀರು ಬಿಡಬೇಡ್ರಿ ಅಂತ ನಬೀಸಾಬ್ ಹೇಳಿದ್ದ. ಲಗ್ನಕ್ಕೆ ಉಳಿದದ್ದು ಎಂಟೇ ದಿನ. ದೋಣಿಯ ಬದಿಯ ಕೊಳವೆಯ ಬಾಯಿ ಮುಚ್ಚಿದೆ ಅಂತ ಬಸವಂತರಾಯ ನಂಬಿದ್ದ, ಅದು ಒಳಗೊಳಗೇ ಬಿಟ್ಟುಕೊಂಡಿತ್ತು.

ಇವತ್ತು ಬೆಳಿಗ್ಗೆ ಬುಡ ಮೆತ್ತಗಾದದ್ದು ಕಂಡು ಜೀವ ಹೋದಂತಾಯಿತಂತೆ. ರಾತ್ರಿಯೊಳಗೆ ಇಬ್ಬರನ್ನೂ ಹೊರಗೆ ಕಳಿಸಿದರೆ ಸಾಕು, ನಬೀಸಾಬನನ್ನು ಸಿಂಧನೂರಿನಿಂದ ಕರೆಸಿ ಗುಟ್ಟಾಗಿ ಅಗೆಸಿಬಿಡುತ್ತೇನೆ ಅಂದುಕೊಂಡಿದ್ದ.

ಬೇಡದವಳೆಂದು ಕಳಿಸುತ್ತಿಲ್ಲ! ಶಿವಬಸಮ್ಮನಿಗೆ ಅದು ಅರ್ಥವಾಯಿತು. ಆದರೆ ಸಿಟ್ಟು ಇಳಿಯಲಿಲ್ಲ, ಇಳಿಯಬಾರದು ಕೂಡ.

ಸಂಗಮ್ಮ ಸೊಸೆಯ ಎರಡೂ ಕೈ ಹಿಡಿದುಕೊಂಡಳು. "ನನ್ನ ಬಾಯಾಗ ಮಣ್ಣು ಬೀಳ್ಲಿ ನನ್ನವ್ವ. ನೀ ಎಳೀದಿದ್ರ ನಾ ಇರ್ತಿದ್ದಿಲ್ಲ." ದುರುಗಪ್ಪನಿಗೆ ಬಂಡಿ ಬಿಚ್ಚಲು ಹೇಳಿದಳು.

"ನಿಂದರ್ರಿ ಅತ್ತಿ," ಎಂದಳು ಶಿವಬಸಮ್ಮ. ಬಂಡಿಯ ಬಳಿ ಹೋಗಿ ಗಾಲಿಗೆ ಕೈಯೂರಿ ನಿಂತಳು. ಬಸವಂತರಾಯ ಹಿಂದೆಯೇ ಬಂದ.

"ಕಾಲ್ಗುಣ ಸರಿಯಿಲ್ಲ ಅಂದಾಗ ಸುಮ್ಮನ ಉಂಡು ಎದ್ರಿ," ಎಂದಳು, ಮೊದಲ ಸಲ ಅವನ ಕಣ್ಣಿಗೆ ಕಣ್ಣಿಟ್ಟು. "ನನ್ನ ಪರವಾಗಿ ಒಂದು ಮಾತು ಯಾಕ ಬರಲಿಲ್ರಿ?"

ಅವನು ತಲೆ ತಗ್ಗಿಸಿದ. "ಅಂಜಿಬಿಟ್ಟೆ. ಲಗ್ನಕ್ಕ ಮೊದ್ಲ ಹೆಂಡತಿ ಸಲುವಾಗಿ ಗ್ವಾಡಿ ಕೊರಸ್ಯಾನ, ಹೆಂಡರ ಗುಲಾಮ ಅದಾನ... ಹಂಗ ಅಂತಾರ ಅಂತ."

ಶಿವಬಸಮ್ಮ ಅಂಗಳದ ಕಡೆ ನೋಡಿದಳು. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು, ಗಂಡಸರು ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಡುತ್ತಿದ್ದರು.

"ಈಗ ಏನನ್ನಾಕತ್ತಾರ್ರಿ?"

"ಅದನ್ನ ಅನ್ನಾಕತ್ತಾರ."

"ಮತ್ತ?"

ಬಸವಂತರಾಯ ಬಂಡಿ ಹತ್ತಿದ. ಅವಳ ಟ್ರಂಕು ಎತ್ತಿ, ಇಡೀ ಓಣಿ ನೋಡುವ ಹಾಗೆ ತನ್ನ ತಲೆಯ ಮೇಲಿಟ್ಟುಕೊಂಡು ಕೆಳಗಿಳಿದ.

"ಅನ್ಲಿ," ಎಂದ. "ನಡಿ, ಮನಿಗಿ ಹೋಗೂಣು."