ಕುತ್ತಿಗೆಯ ಗಂಟುಗಳು

ನನ್ನ ಕುತ್ತಿಗೆಯ ಎಡಗಡೆ, ಚರ್ಮದೊಳಗೆ, ಕಾಫಿ ಕಾಯಿಯಷ್ಟು ದೊಡ್ಡ ಮೂರು ಗಂಟುಗಳಿದ್ದವು. ಮಡಿಕೇರಿಯ ಡಾಕ್ಟರು ಏನೂ ಇಲ್ಲ ಎಂದರು. "ಮುಟ್ಟಿ ಮುಟ್ಟಿ ನೀವೇ ದೊಡ್ಡದು ಮಾಡ್ಕೊಂಡಿದ್ದೀರ ಅತ್ತಿಗೆ," ಎಂದಳು ನಾದಿನಿ ಸುಮಿತಾ. ಅವಳ ಕುತ್ತಿಗೆಯಲ್ಲಿ ಎದ್ದಿದ್ದರೆ ಗೊತ್ತಾಗುತ್ತಿತ್ತು.

ತಿತಿಮತಿಯ ಕಾಫಿ ಎಸ್ಟೇಟಿನಲ್ಲಿ ಮೊದಲ ಪಿಕ್ಕಿಂಗ್ ನಡೆಯುತ್ತಿತ್ತು. ಆಗ ನಾವು ಹಣ್ಣಾದದ್ದನ್ನಷ್ಟೇ ಬಿಡಿಸುತ್ತೇವೆ. ಬೆರಳಲ್ಲಿ ಅದುಮಿ ನೋಡಿ, ಮೆತ್ತಗಿದ್ದರೆ ತಿರುಚಿ ಕಿತ್ತು, ಗಟ್ಟಿ ಇದ್ದದ್ದನ್ನು ಮುಂದಿನ ಪಿಕ್ಕಿಂಗಿಗೆ ಬಿಡುತ್ತೇವೆ. ಮಧ್ಯಾಹ್ನ ಗಿಡಕ್ಕೆ ಬಗ್ಗಿದ್ದಾಗ ತಣ್ಣನೆಯ ಎರಡು ಬೆರಳು ಹಿಂದಿನಿಂದ ಬಂದು ನನ್ನ ಗಂಟುಗಳನ್ನು ಒಂದೊಂದಾಗಿ ಅದುಮಿದವು. ಹುಳಿ ಬಂದ ಕಾಫಿ ಸಿಪ್ಪೆಯ ವಾಸನೆ ಮೂಗಿಗೆ ಹೊಡೆಯಿತು. ಸುಮಿತಾಳ ಚೇಷ್ಟೆ ಎಂದುಕೊಂಡು, "ಕೈ ತೆಗಿ," ಎಂದು ಗದರಿದೆ.

"ಯಾರಿಗೆ ಹೇಳ್ತಿದ್ದೀರ ಅತ್ತಿಗೆ?" ಎಂದಳು ಅವಳು, ಎದುರಿನ ಸಾಲಿನಿಂದ.

ಬೆರಳುಗಳು ಕೊನೆಯ ಗಂಟನ್ನು ಮೆಲ್ಲಗೆ ತಿರುಚಿದವು. ನೋವಾಗಲಿಲ್ಲ. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಕುತ್ತಿಗೆ ಮಾತ್ರ ಅಂಟಂಟಾಗಿತ್ತು.

ಮುಂದಿನ ವಾರ ಡಾಕ್ಟರು ಕುತ್ತಿಗೆ ಒತ್ತಿ ನೋಡಿ, "ಒಂದು ಕರಗಿ ಹೋಗಿದೆ ನೋಡಮ್ಮ, ಸುಮ್ಮನೆ ಹೆದರ್ಕೊಂಡಿದ್ದೆ ನೀನು," ಎಂದು ನಕ್ಕರು.

ನಾಳೆ ಎರಡನೇ ಪಿಕ್ಕಿಂಗ್ ಶುರು. ಉಳಿದೆರಡು ಗಂಟುಗಳು ಇವತ್ತು ಬೆಳಿಗ್ಗೆಯಿಂದ ಮೆತ್ತಗಾಗಿವೆ.